ಗುಡುಗು ಮಾಮನ ಮೆಲುದನಿ

ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಕಂದು ಬಣ್ಣದಲ್ಲಿ ಅಚ್ಚೊತ್ತಿದಂತೆ ಮೂಡಿತ್ತು. ಸುಟ್ಟ ವಾಸನೆ ಬೀದಿ ದಾಟಿ ಎದುರಿನ ಹೊಲಿಗೆ ಅಂಗಡಿಗೂ ಬಂತು. ಅಕ್ಕ ಮಿಷನ್ನಿನ ಪೆಡಲಿನಿಂದ ಕಾಲು ತೆಗೆದು ಕತ್ತು ಚಾಚಿ ನೋಡಿದಳು. ಲಾಂಡ್ರಿಯ ಉದ್ದನೆಯ ಮೇಜಿನ ಮುಂದೆ ಅವಳ ತಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಕಂಬದ ಹಾಗೆ ನಿಂತಿದ್ದ. ಒಗೆಯುವ ಕೋಣೆಯಿಂದ ಯಜಮಾನ ದಾಪುಗಾಲು ಹಾಕುತ್ತ ಬಂದ. ಬೀದಿಯವರು ಅವನನ್ನು ಗುಡುಗು ಮಾಮ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಅವನು ಒಳಗೆ ನಿಂತು ಬಾಯಿ ಮಾಡಿದರೆ ಬೀದಿಯ ತುದಿಯ ಮನೆಯಲ್ಲಿ ಮಲಗಿದ ಮಗು ಎದ್ದು ಅಳುತ್ತಿತ್ತು.

ಮಾಮ ಅಂಗಿಯನ್ನು ನೋಡಿದ. ಕತ್ತಿನ ನರ ಉಬ್ಬಿತು, ಬಾಯಿ ತೆರೆಯಿತು. ಅಕ್ಕ ಕಣ್ಣು ಮುಚ್ಚಿಕೊಂಡಳು.

"ಪರವಾಗಿಲ್ಲಪ್ಪ," ಎಂದ ಮಾಮ, ಮಲಗಿದವರನ್ನು ಎಬ್ಬಿಸಬಾರದೆನ್ನುವಂಥ ದನಿಯಲ್ಲಿ. "ಅಂಗಿ ಹೋದ್ರೆ ಹೋಯ್ತು. ನಿಂಗೀಗ ಹೇಗನ್ನಿಸ್ತಾ ಇದೆ?"

ತಮ್ಮ ಇಸ್ತ್ರಿಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು, ಸ್ವಿಚ್ ಆರಿಸಿ, ಚಪ್ಪಲಿ ಮೆಟ್ಟಿಕೊಂಡು ಮನೆಯ ಕಡೆ ಹೊರಟ. ಮಾಮ ತಡೆಯಲಿಲ್ಲ. ಬದಲಿಗೆ ಬಾಗಿಲವರೆಗೆ ಬಂದು, "ಹೋಗಿ ಸುಧಾರಿಸ್ಕೊಳಪ್ಪ," ಎಂದ. ತಮ್ಮ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಹೊರಟದ್ದನ್ನು ಕಂಡು ಅಕ್ಕ ಹೆದರಿದಳು. ಹೋದ ಸಲ ಕಾಯಿಲೆ ಬಿದ್ದಾಗಲೂ ಹೀಗೇ ಶುರುವಾಗಿತ್ತು. ಮೊದಲು ಕೆಲಸದ ನಡುವೆಯೇ ಮನೆಗೆ ಬರತೊಡಗಿದ್ದ, ಬಂದವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ, ಆಮೇಲೆ ಊಟ ನಿದ್ದೆ ಎರಡನ್ನೂ ಬಿಟ್ಟಿದ್ದ.

ಆಗ ಅವನಿಗೆ ಯಾರೂ ಇಲ್ಲದ ಕಡೆಯಿಂದ ದನಿಗಳು ಕೇಳಿಸುತ್ತಿದ್ದವು. ಅದನ್ನು ಅವನು ಯಾರಿಗೂ ಹೇಳಿಕೊಂಡಿರಲಿಲ್ಲ. ಒಂದು ಮಧ್ಯಾಹ್ನ, ಇಸ್ತ್ರಿಯಾದ ಬಟ್ಟೆಗಳು ತನ್ನನ್ನು ಆಡಿಕೊಳ್ಳುತ್ತಿವೆ ಎಂದು ಗಂಟುಗಟ್ಟಲೆ ಹೊತ್ತು ತಂದು ಚರಂಡಿಗೆ ಎಸೆದ. ಇಡೀ ಬೀದಿ ಸೇರಿತು. ಕಟ್ಟಿಹಾಕಿ ಎಂದವರು ಕೆಲವರು, ಕೆಲಸಗಳ್ಳತನಕ್ಕೆ ನಾಟಕ ಎಂದವರು ಕೆಲವರು. ಆಸ್ಪತ್ರೆಯಿಂದ ಅವನು ವಾಪಸು ಬಂದಾಗ ತಾಯಂದಿರು ಮಕ್ಕಳನ್ನು ಒಳಗೆಳೆದುಕೊಂಡು ಕದ ಹಾಕಿದರು. ಬೀದಿಯೇ ಬಿಟ್ಟು ಹೋಗುವುದೆಂದು ಅಕ್ಕ ಮಿಷನ್ನಿಗೆ ಗಿರಾಕಿ ಹುಡುಕತೊಡಗಿದ್ದಳು.

ಆಗ ಬಂದವಳು ನರ್ಸಮ್ಮ. ಗುಂಡಗಿನ, ಕುಳ್ಳಗಿನ, ಮಾತಿನ ನಡುವೆ ಕನ್ನಡಕ ಒರೆಸಿಕೊಳ್ಳುವ ಹೆಂಗಸು. ಮನಸ್ಸಿನ ಕಾಯಿಲೆಯವರು ಮನೆಗೆ ಮರಳಿದ ಮೇಲೆ ಅಕ್ಕಪಕ್ಕದವರಿಗೆ ಪಾಠ ಹೇಳುವುದು ಅವಳ ಕೆಲಸ. ಅಕ್ಕ ತಮ್ಮ ಇಬ್ಬರನ್ನೂ ಕೇಳಿ ಒಪ್ಪಿಸಿಕೊಂಡು ಅವಳು ಲಾಂಡ್ರಿಯಲ್ಲೇ ಬೀದಿಯವರನ್ನು ಸೇರಿಸಿದಳು. ಜನ ಬಟ್ಟೆಗಂಟುಗಳ ಮೇಲೆ ಕೂತು ಕೇಳಿದರು. ಇದು ಯಾರ ತಪ್ಪೂ ಅಲ್ಲ ಎಂದಳು. ಹುಚ್ಚ ಅನ್ನಬೇಡಿ, ಹೆದರಬೇಡಿ, ಬುದ್ಧಿ ಹೇಳುವ ಮೊದಲು ಅವನ ಮಾತು ಕೇಳಿ, ಹೇಗನ್ನಿಸ್ತಾ ಇದೆ ಅಂತ ವಿಚಾರಿಸಿ ಎಂದಳು.

ಬೀದಿಯವರು ಒಳ್ಳೆಯವರು. ಕೆಟ್ಟದ್ದು ಮಾಡಿದಷ್ಟೇ ಜೋರಾಗಿ ಒಳ್ಳೆಯದನ್ನೂ ಮಾಡಬಲ್ಲವರು. ಪಾಠವನ್ನು ಬಾಯಿಪಾಠ ಮಾಡಿಬಿಟ್ಟರು. ಕದ ಹಾಕಿಕೊಂಡಿದ್ದವರು ಕದ ತೆಗೆದರು, ಮಾಮ ಅವನನ್ನು ಕೆಲಸಕ್ಕೆ ಕರೆದ, ಅಕ್ಕ ಮಿಷನ್ ಮಾರುವ ಮಾತು ಬಿಟ್ಟಳು. ಅಲ್ಲಿಗೆ ಎಲ್ಲ ಸರಿಹೋಯಿತೆಂದು ಅವಳು ನೆಮ್ಮದಿಯ ನಿಟ್ಟುಸಿರು ಬಿಟ್ಟಿದ್ದಳು. ಈಗ ನೋಡಿದರೆ ಹೀಗೆ.

ಅವಳು ಅಂಗಡಿ ಮುಚ್ಚಿ ಮನೆಗೆ ಹೋದಾಗ ತಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವಳು ಅವನ ಪಕ್ಕ ಕೂತಳು.

"ಮಾತ್ರೆ ತಗೊಂಡ್ಯೇನೋ?"

"ತಗೊಂಡೆ. ರಾತ್ರಿ ನಿದ್ದೆನೂ ಮಾಡ್ದೆ. ದನಿನೂ ಜಾಸ್ತಿಯಾಗಿಲ್ಲ. ಮುಗೀತಾ ನಿನ್ನ ಪ್ರಶ್ನೆ?"

"ಮತ್ತೆ ಹೇಗನ್ನಿ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ತಮ್ಮ ಗೋಡೆಯ ಕಡೆ ನೋಡುತ್ತಲೇ ಹೇಳಿದ. "ನೋಡ್ದ್ಯಾ? ಬೆಳಗ್ಗೆ ಎದ್ರೆ ಹಾಲಿನವನು ಕೇಳ್ತಾನೆ, ಹೇಗನ್ನಿಸ್ತಾ ಇದೆ. ನಲ್ಲಿ ಹತ್ರ ಹೋದ್ರೆ ಅಲ್ಲಿ ಕೇಳ್ತಾರೆ. ಕ್ಷೌರದಂಗಡಿಯವನು ಇಸ್ಪೀಟಿನಲ್ಲಿ ಬೇಕಂತಲೇ ಸೋಲ್ತಾನೆ ಅಕ್ಕ. ಅವನು! ಹೆಂಡತಿ ಜೊತೆ ಆಡಿದ್ರೂ ಮೋಸ ಮಾಡಿ ಗೆಲ್ಲೋನು! ಮಾಮ ಅಂತೂ ಬಿಡು. ಹೊಸಾ ಅಂಗಿ ಸುಟ್ಟೆ. ನಂಗೇ ಬೈಕೋಬೇಕು ಅನ್ನಿಸ್ತು. ಅವ್ರು ಪರವಾಗಿಲ್ಲಪ್ಪ ಅಂತಾರೆ. ನಾನು ಮಾಡಿದ್ದು ಸರಿಯಾದ್ರೂ ಅಷ್ಟೆ, ತಪ್ಪಾದ್ರೂ ಅಷ್ಟೆ ಅಂದ್ಮೇಲೆ ಅಲ್ಲಿ ನಾನ್ಯಾಕೆ? ನಾಳೆಯಿಂದ ಹೋಗಲ್ಲ."

"ಎಲ್ರೂ ನಿನ್ನ ಒಳ್ಳೇದಕ್ಕೇ ಕಣೋ..."

"ಗೊತ್ತು. ಅದಕ್ಕೇ ಜಗಳಾನೂ ಆಡೋಕಾಗಲ್ಲ."

ಅಕ್ಕ ಅವನ ಬೆನ್ನನ್ನು ನೋಡಿದಳು. ಅವನು ಊಟಕ್ಕೆ ಉಪ್ಪು ಜಾಸ್ತಿ ಎಂದರೆ ಒಂದು ಕಾಲದಲ್ಲಿ ತಟ್ಟೆ ಕಿತ್ತುಕೊಳ್ಳುತ್ತಿದ್ದವಳು ತಾನು. ಈಗ ಹೌದೇನೋ ಎಂದು ತಲೆ ಆಡಿಸುತ್ತಾಳೆ. ಬೀದಿಯವರನ್ನು ದೂರಿ ಏನು ಪ್ರಯೋಜನ?

ಬೆಳಗಾಗುತ್ತಲೇ ಅವಳು ನರ್ಸಮ್ಮನಿಗೆ ಫೋನು ಮಾಡಿ ಬರಹೇಳಿದಳು, ನೆಟ್ಟಗೆ ಲಾಂಡ್ರಿಗೆ ಹೋದಳು. ಮಾಮ ಸುಟ್ಟ ಅಂಗಿಯನ್ನು ಮಡಿಸಿ ಮೂಲೆಯಲ್ಲಿಟ್ಟು, ಅದರ ಮುಂದೆ ಕೂತಿದ್ದ.

"ಮಾಮ, ನೀವು ಅವನಿಗೆ ಬೈಬೇಕು," ಎಂದಳು.

ಮಾಮ ಬೆಚ್ಚಿಬಿದ್ದ. "ಏನಂದೆ?"

"ಮುಂಚೆ ಬೈತಿದ್ರಲ್ಲ, ಹಾಗೆ."

"ಆಗಲ್ಲ ತಂಗಿ. ಏನು ಬೇಕಾದ್ರೂ ಕೇಳು, ಅದೊಂದು ಕೇಳ್ಬೇಡ." ಮಾಮ ಸುಟ್ಟ ಅಂಗಿಯನ್ನು ಅತ್ತ ಸರಿಸಿದ. "ಬಟ್ಟೆ ಚರಂಡಿಗೆ ಎಸೆದ ದಿನ ಬೆಳಗ್ಗೆ ನಾನು ಅವನಿಗೆ ಹಿಗ್ಗಾಮುಗ್ಗಾ ಬೈದಿದ್ದೆ. ಕಾಲರ್ ಸರಿಯಿಲ್ಲ ಅಂತ. ಒಂದು ಕಾಲರಿಗೆ ಹುಡುಗನ ತಲೆ ಕೆಡಿಸಿಬಿಟ್ಟೆ. ನರ್ಸಮ್ಮ ಯಾರ ತಪ್ಪೂ ಅಲ್ಲ ಅಂದ್ರು. ಅವ್ರಿಗೇನು ಗೊತ್ತು ನಂದು ಬಾಯಿ ಎಂಥದ್ದು ಅಂತ?"

ಈ ದೊಡ್ಡ ಗಂಟಲಿನ ಮನುಷ್ಯ ಇಷ್ಟು ದಿನ ಇಂಥದ್ದೊಂದು ಮುಳ್ಳು ನುಂಗಿಕೊಂಡು ಓಡಾಡುತ್ತಿದ್ದಾನೆಂದು ಅಕ್ಕ ಎಣಿಸಿರಲೇ ಇಲ್ಲ. ಅವಳ ಕಣ್ಣು ತುಂಬಿತು.

ಸಂಜೆ ನರ್ಸಮ್ಮ ಬಂದಾಗ ಅಕ್ಕ ತಮ್ಮನನ್ನು ಕರೆಯಲು ಮನೆಗೆ ಓಡಿದಳು. ಅವನು ಇನ್ನೂ ಗೋಡೆಗೇ ಮುಖ ಮಾಡಿದ್ದ. ಮೆತ್ತಗೆ ಕರೆದಳು, ಏಳಲಿಲ್ಲ. ಮತ್ತೊಮ್ಮೆ ಕರೆದಳು. ಕೊನೆಗೆ ತಾಳ್ಮೆ ಹರಿಯಿತು.

"ಎದ್ದೇಳೋ ಸೋಮಾರಿ! ನಿನ್ನ ವಿಷಯ ಮಾತಾಡೋಕೆ ನೀನಿಲ್ದೆ ನಾವ್ಯಾಕೆ ಕೂತು ಸಾಯ್ಬೇಕು?"

ಮಾತು ಬಾಯಿಂದ ಬಿದ್ದ ಮೇಲೆ ಅವಳ ಜೀವ ಬಾಯಿಗೆ ಬಂತು. ತಮ್ಮ ಹೊರಳಿ ನೋಡಿದ. ಅವನ ತುಟಿಯ ಮೂಲೆಯಲ್ಲಿ ಏನೋ ಅಲುಗಿತು. ಎದ್ದು ಮುಖ ತೊಳೆಯಲು ಹೋದ.

ಲಾಂಡ್ರಿಯಲ್ಲಿ ಮಾಮ, ಕ್ಷೌರದಂಗಡಿಯವನು ಮತ್ತು ಬೀದಿಯ ಏಳೆಂಟು ಮಂದಿ ಅಕ್ಕನಿಂದ ವಿಷಯ ತಿಳಿದು ಪರೀಕ್ಷೆಯಲ್ಲಿ ಫೇಲಾದವರ ಮುಖ ಹೊತ್ತು ಕೂತಿದ್ದರು. ಮಾಮ ತನ್ನ ಕಾಲರಿನ ಕತೆಯನ್ನು ಎಲ್ಲರ ಮುಂದೆ ಹೇಳಿಕೊಂಡ. ನರ್ಸಮ್ಮ ಕನ್ನಡಕ ತೆಗೆದು ಒರೆಸಿದಳು.

"ನಿಮ್ಮ ಬೈಗುಳ ಒಂದರಿಂದಲೇ ಬರೋ ಕಾಯಿಲೆ ಆಗಿದ್ರೆ, ಇಷ್ಟೊತ್ತಿಗೆ ಈ ಬೀದಿಗೆ ಬೀದಿನೇ ನಮ್ಮ ಆಸ್ಪತ್ರೆಲಿ ಇರ್ಬೇಕಿತ್ತು ಮಾಮ."

ಕ್ಷೌರದಂಗಡಿಯವನು ಕಿಸಕ್ಕನೆ ನಕ್ಕ. ನರ್ಸಮ್ಮ ನಗಲಿಲ್ಲ. "ಹಾಗಂತ ಏನು ಅಂದ್ರೂ ನಡೆಯುತ್ತೆ ಅಂತಲ್ಲ. ದಿನಾ ಹೀಯಾಳಿಸಿದ್ರೆ ಯಾರ ಮನಸ್ಸಾದ್ರೂ ಮುದುಡುತ್ತೆ, ಇವನದ್ದು ಬೇಗ ಮುದುಡುತ್ತೆ. ಎಷ್ಟು ಸೈ, ಎಷ್ಟು ಬೇಡ ಅನ್ನೋದು ನಂಗೂ ಗೊತ್ತಿಲ್ಲ. ನಾನು ಹೋದ ಸಲ ಒಂದು ತಪ್ಪು ಮಾಡ್ದೆ. ನಾನೇ ಎಲ್ಲ ಹೇಳಿಬಿಟ್ಟೆ. ಇವತ್ತು ಇವನು ಹೇಳ್ತಾನೆ, ಇಷ್ಟ ಇದ್ರೆ," ಎಂದು ಅವಳೂ ಒಂದು ಗಂಟಿನ ಮೇಲೆ ಕೂತುಬಿಟ್ಟಳು.

ತಮ್ಮ ಮೇಜಿನ ಅಂಚು ಹಿಡಿದು ನಿಂತ. ಕಿವಿ ಕೆಂಪಾಯಿತು. ಹೇಳುತ್ತಾನೋ ಇಲ್ಲವೋ ಎಂದು ಅಕ್ಕ ಸೆರಗು ಹಿಂಡುತ್ತ ಕೂತಳು.

"ಇಸ್ಪೀಟಲ್ಲಿ ಸೋಲ್ಬೇಡ," ಎಂದ ಮೊದಲು, ಕ್ಷೌರದಂಗಡಿಯವನಿಗೆ. ಆಮೇಲೆ ಮಾಮನ ಕಡೆ ತಿರುಗಿದ. "ಕೆಲಸ ಕೆಟ್ರೆ ಬೈರಿ ಮಾಮ. ಆದ್ರೆ ಒಂದು. ಬೆನ್ನ ಹಿಂದಿನಿಂದ ಬಂದು ಕೂಗ್ಬೇಡಿ. ನಂಗೆ ಆ ದನಿಗಳು ಯಾವಾಗ್ಲೂ ಹಿಂದಿನಿಂದ್ಲೇ ಬರೋದು. ಹಿಂದೆ ನಿಂತು ಕೂಗಿದ್ರೆ ಅದು ನೀವಾ, ಅವ್ರಾ ಅಂತ ತಿಳಿಯಲ್ಲ. ಮುಂದೆ ಬಂದು ಕೂಗಿ. ಬಾಯಿ ಕಾಣ್ಬೇಕು."

ಹೇಗನ್ನಿಸ್ತಾ ಇದೆ ಎಂದು ಯಾರೂ ಕೇಳಲಿಲ್ಲ. ಮಾಮ ಮಾತ್ರ ತನ್ನ ಒಗೆಯುವ ಕೋಣೆಯ ಬಾಗಿಲನ್ನು, ಅದರ ನೇರಕ್ಕೆ ಬೆನ್ನು ಮಾಡಿ ತಮ್ಮ ದಿನವೂ ನಿಲ್ಲುವ ಜಾಗವನ್ನು ಮತ್ತೆ ಮತ್ತೆ ನೋಡಿದ. ನರ್ಸಮ್ಮ ಕನ್ನಡಕ ಹಾಕಿಕೊಂಡಳು.

ಮರುದಿನ ತಮ್ಮ ಕೆಲಸಕ್ಕೆ ಬಂದ. ಅಕ್ಕ ಎದುರಿನಲ್ಲಿ ಲಂಗದ ಅಂಚು ಹೊಲಿಯುತ್ತಿದ್ದಳು. ಕಣ್ಣು ಬಟ್ಟೆಯ ಮೇಲೆ, ಕಿವಿ ಲಾಂಡ್ರಿಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಮಾಮ ಒಗೆಯುವ ಕೋಣೆಯಿಂದ ಹೊರಬಂದ. ತಮ್ಮನ ಬೆನ್ನ ಹಿಂದೆಯೇ ಬಂದು, ಅವನ ಭುಜದ ಮೇಲಿಂದ ಇಣುಕಿದ. ಮೇಜಿನ ಮೇಲೆ ಯಾರದೋ ಪ್ಯಾಂಟು ಇತ್ತು. ಮಾಮನ ಕತ್ತಿನ ನರ ಉಬ್ಬಿತು. ಅಕ್ಕ ಪೆಡಲಿನಿಂದ ಕಾಲು ತೆಗೆದಳು.

ಮಾಮ ತೆರೆದ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡ. ಬಾಯಿ ಮುಚ್ಚಿಕೊಂಡೇ ಆ ಉದ್ದನೆಯ ಮೇಜನ್ನು ಸುತ್ತು ಹಾಕಿ, ಒಂದು ಗಂಟಿಗೆ ಎಡವಿ, ಇನ್ನೊಂದನ್ನು ದಾಟಿ, ಆಚೆ ಬದಿಗೆ ಹೋಗಿ, ತಮ್ಮನ ಮುಖಕ್ಕೆ ಮುಖ ಕೊಟ್ಟು ನಿಂತ. ಕೈ ತೆಗೆದ.

"ಲೇ ದಡ್ಡ ಶಿಖಾಮಣಿ! ಒಂದು ಕಾಲಿಗೆ ಎರಡೆರಡು ಗೆರೆ ಹಾಕಿದ್ದೀಯಲ್ಲೋ! ಇದೇನು ಪ್ಯಾಂಟೋ, ರೈಲು ಹಳಿಯೋ?"

ತಮ್ಮ ಅವನ ಬಾಯಿಯನ್ನೇ ನೋಡಿದ.

"ಒಂದು ಹಳೇ ಗೆರೆ ಮಾಮ! ನೀವು ನೆಟ್ಟಗೆ ಒಗೆದಿದ್ರೆ ಅದು ಹೋಗಿರ್ತಿತ್ತು!"

"ನಂಗೇ ಹೇಳ್ತೀಯಾ? ನಂಗೆ?"

ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಗೆ ಹಚ್ಚುತ್ತಿದ್ದ ಸೋಪನ್ನು ಅರ್ಧಕ್ಕೆ ಬಿಟ್ಟು ಬಾಗಿಲಿಗೆ ಬಂದ. ತಮ್ಮ ಪ್ಯಾಂಟಿನ ಮೇಲೆ ನೀರು ಚಿಮುಕಿಸಿ ಹಳೆಯ ಗೆರೆಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದ. ಉಗಿ ಎದ್ದಿತು. ಬೀದಿಯ ತುದಿಯ ಮನೆಯಲ್ಲಿ ಮಲಗಿದ್ದ ಮಗು ಎದ್ದು ಅಳತೊಡಗಿತು. ಅಕ್ಕ ಆ ಅಳುವನ್ನು ಕೇಳುತ್ತ ತೋಳಿನಿಂದ ಕಣ್ಣೊರೆಸಿಕೊಂಡು, ಮತ್ತೆ ಪೆಡಲಿನ ಮೇಲೆ ಕಾಲಿಟ್ಟಳು.