ಮಂಜುಗಡ್ಡೆಯ ಬೆರಳು

ನಾನು ಒಂದು ಬೆರಳು. ಮನುಷ್ಯರದಲ್ಲ, ಮಂಜುಗಡ್ಡೆಯದು. ಹೆರಿಗೆ ಆಸ್ಪತ್ರೆಯ ಸಿಸ್ಟರ್ ಲೀಲಾವತಿ ರಬ್ಬರ್ ಕೈಗವಸಿನ ಬೆರಳೊಂದಕ್ಕೆ ನಲ್ಲಿಯ ನೀರು ತುಂಬಿ, ಬಿಗಿಯಾಗಿ ಗಂಟು ಹಾಕಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಲಗಿಸಿದಳು. ಅದೇ ನನ್ನ ತೊಟ್ಟಿಲು. ಕತ್ತಲೆಯಲ್ಲಿ ಸುಮ್ಮನೆ ಗಟ್ಟಿಯಾಗುವುದೇ ನನ್ನ ಬಾಲ್ಯ. ಅಲ್ಲಿ ಯಾರೂ ಮಾತಾಡುವುದಿಲ್ಲ. ಫ್ರಿಜ್ಜು ಮಾತ್ರ ಆಗಾಗ ಗುರುಗುಟ್ಟಿ ಮತ್ತೆ ಮೌನವಾಗುತ್ತದೆ. ಆ ಮೌನ ನನಗೆ ಇಷ್ಟವಾಗಿತ್ತು.

ನನ್ನ ಕೆಲಸ ಸಣ್ಣದು. ಹೆರಿಗೆ ನೋವು ತಗ್ಗಿಸಲು ಬೆನ್ನೊಳಗೆ ಕೂದಲಿನಂಥ ನಳಿಕೆ ಇಳಿಸಿ ಅದರಲ್ಲಿ ಔಷಧಿ ಬಿಡುತ್ತಾರೆ. ನಳಿಕೆ ತಕ್ಕ ಜಾಗದಲ್ಲಿ ಕೂತಿದೆಯೇ ಎಂಬುದು ಯಾರ ಕಣ್ಣಿಗೂ ಕಾಣುವುದಿಲ್ಲ. ಔಷಧಿ ಹಿಡಿದ ಕಡೆ ಚರ್ಮಕ್ಕೆ ತಂಪು ತಿಳಿಯುವುದಿಲ್ಲ. ಅದಕ್ಕೇ ನಾನು. ಹೊಟ್ಟೆಯ ಆಚೆ ಈಚೆ ಮುಟ್ಟಿ ಕೇಳುತ್ತೇನೆ. ಹೇಳಬೇಕಾದವಳು ಹೆರುವವಳು.

ನನ್ನನ್ನು ಮೊದಲ ಸಲ ಹೊರತೆಗೆದಾಗ ಮಂಚದ ಮೇಲೆ ತೀರ ಎಳೆಯ ಹೆಂಗಸೊಬ್ಬಳಿದ್ದಳು. ನಾನು ಮುಟ್ಟಿದೊಡನೆ ಅವಳ ಚರ್ಮ ಬೆಚ್ಚಿ ಹಿಂದೆ ಸರಿಯಿತು. ಆದರೂ ಅವಳು, "ಇಲ್ರಿ, ತಂಪಿಲ್ರಿ" ಅಂದಳು. ಡಾಕ್ಟರು ಬೇಸರ ಮಾಡಿಕೊಂಡಾರು ಎಂಬ ಅಂಜಿಕೆ ಅವಳಿಗೆ. ಡಾಕ್ಟರು ನಂಬಿ ಹೋದರು. ಆಮೇಲೆ ಎಲ್ಲ ನೋವನ್ನೂ ಅವಳು ಸೆರಗು ಕಚ್ಚಿ ನುಂಗಿದಳು. ನನಗೆ ಬಾಯಿಲ್ಲ. ಸಿಸ್ಟರ್ ನನ್ನನ್ನು ಸ್ಪಿರಿಟ್ಟಿನಿಂದ ಒರೆಸಿ ಮತ್ತೆ ಫ್ರಿಜ್ಜಿಗಿಟ್ಟಳು. ಆ ಕತ್ತಲೆಯಲ್ಲಿ ಮೊದಲಿಗಿಂತ ಗಟ್ಟಿಯಾದೆ. ನಾನು ಪ್ರೀತಿಸಿದ್ದ ಮೌನ ಇದಾಗಿರಲಿಲ್ಲ.

ಎರಡನೆಯ ಸಲ ಸುವರ್ಣಾ ಬಂದಳು. ಬಸ್ ಕಂಡಕ್ಟರ್. ಇದು ಅವಳ ಎರಡನೆಯ ಹೆರಿಗೆ. ಮೊದಲನೆಯದರಲ್ಲಿ ನೋವು ನೋವು ಎಂದು ಕೂಗಿದಾಗ ಎಲ್ಲರೂ ಅವಳ ಬಾಯಿ ಮುಚ್ಚಿಸಿದ್ದರಂತೆ. ಈ ಸಲ ಬೆನ್ನಿಗೆ ನಳಿಕೆ ಬೇಕೇ ಬೇಕೆಂದು ಮನೆಯವರೊಂದಿಗೆ ಜಗಳಾಡಿಕೊಂಡೇ ಬಂದಿದ್ದಳು. ಜೊತೆಗೆ ಅತ್ತೆ ಫಕೀರವ್ವ.

"ಐದು ಹಡದೇನಿ. ಓಣಿಯಾಗ ಒಬ್ಬರಿಗೂ ನನ್ನ ಧ್ವನಿ ಕೇಳಿಲ್ಲ" ಅಂದಳು ಫಕೀರವ್ವ.

"ನನ್ನ ಧ್ವನಿ ಹಿಂದಿನ ಸೀಟಿಗೂ ಕೇಳಬೇಕ್ರಿ ಅತ್ತಿ. ಇಲ್ಲಾಂದ್ರ ಪಗಾರ ಯಾರು ಕೊಡ್ತಾರ?" ಅಂದಳು ಸುವರ್ಣಾ. ಅಷ್ಟರಲ್ಲಿ ನೋವು ಬಂದು ಮಂಚದ ಸರಳು ಹಿಡಿದಳು.

ಅರಿವಳಿಕೆ ಡಾಕ್ಟರ್ ಮುಕ್ತಾ ಅವಳನ್ನು ಬೆನ್ನು ಬಾಗಿಸಿ ಕೂರಿಸಿ ನಳಿಕೆ ಇಳಿಸಿದರು. ಸಿರಿಂಜಿನಿಂದ ಎಳೆದು ನೋಡಿದರು. ರಕ್ತ ಬರಲಿಲ್ಲ, ಬೆನ್ನುಹುರಿಯ ನೀರೂ ಬರಲಿಲ್ಲ. ನಳಿಕೆ ತಪ್ಪು ಜಾಗಕ್ಕೆ ಹೋಗಿಲ್ಲವೆಂದು ತಿಳಿಯಲು ಮೊದಲು ಚೂರೇ ಔಷಧಿ ಬಿಟ್ಟು ಎದೆಬಡಿತ ನೋಡಿದರು. ಅದು ಹಾರಲಿಲ್ಲ. ಕಾಲೂ ಸೋಲಲಿಲ್ಲ. ಆಮೇಲೆ ಪೂರ್ತಿ ಔಷಧಿ ಕೊಟ್ಟು ಕಾದರು. ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಯಲ್ಲಿ ನನ್ನನ್ನು ಕರೆದರು.

ಮೊದಲು ಅವಳ ಭುಜ ಮುಟ್ಟಿದೆ. "ಹಿಂಗ ತಂಪ ಇರತೈತಿ, ಗೊತ್ತಾತಲ್ಲ?" ಅಂದರು ಡಾಕ್ಟರು. ಆಮೇಲೆ ಹೊಟ್ಟೆಯ ಬಲಭಾಗ. ಅವಳಿಗೆ ತಿಳಿಯಲಿಲ್ಲ. ಎಡಭಾಗ ಮುಟ್ಟಿದೆ. ಚರ್ಮ ಬೆಚ್ಚಿತು.

ಫಕೀರವ್ವ ಅವಳ ಕಿವಿಗೆ ಬಗ್ಗಿದಳು. "ಇಲ್ಲ ಅನ್ನು. ಅವರು ಇಷ್ಟೆಲ್ಲಾ ಮಾಡ್ಯಾರ."

ನಾನು ಆ ಚರ್ಮಕ್ಕೆ ಒತ್ತಿಕೊಂಡೆ. ಇನ್ನೊಂದು ಸುಳ್ಳು ಹೊತ್ತು ಫ್ರಿಜ್ಜಿಗೆ ಹೋಗಲಾರೆ ಅನಿಸಿತು.

"ಎಡಕ್ಕ ತಂಪ ಐತ್ರಿ" ಅಂದಳು ಸುವರ್ಣಾ.

"ಸ್ವಲ್ಪನಾ?"

"ಸ್ವಲ್ಪ ಅಲ್ರಿ, ಭುಜದಷ್ಟ. ಬಲಗಡೆ ಬಸ್ ನಿಂತೈತಿ, ಎಡಗಡೆ ಇನ್ನೂ ಓಡಾಕತ್ತೈತಿ."

"ಸುಮ್ನಿರ, ಡಾಕ್ಟರಿಗೆ ಎದುರ ಮಾತಾಡ್ತಿ" ಅಂದಳು ಅತ್ತೆ.

"ಸುಮ್ನಿರಂಗಿಲ್ರಿ ಅತ್ತಿ. ಹೋದ ಸಲ ಬಾಯಿ ಮುಚ್ಚಿಸಿದ್ರಿ, ಸುಮ್ನಾದೆ."

ಡಾಕ್ಟರು ನನ್ನನ್ನು ಮತ್ತೆ ಎಡಕ್ಕೆ ಇಟ್ಟರು. ಅವಳ ಉತ್ತರ ಬದಲಾಗಲಿಲ್ಲ. "ಛಲೋ ಹೇಳಿದ್ರಿ. ನಳಿಕಿ ಒಂಚೂರು ಒಳಗ ಹೆಚ್ಚ ಹೋಗೇತಿ" ಎಂದು ಡಾಕ್ಟರು ಬೆನ್ನಿಗೆ ಅಂಟಿಸಿದ್ದ ಪಟ್ಟಿ ಬಿಚ್ಚಿದರು. ನಳಿಕೆಯನ್ನು ಅರ್ಧ ಬೆರಳಿನಗಲದಷ್ಟು ಹಿಂದಕ್ಕೆಳೆದು, ಮತ್ತೆ ಸಿರಿಂಜಿನಿಂದ ಎಳೆದು ನೋಡಿ, ಸ್ವಲ್ಪ ಸ್ವಲ್ಪವಾಗಿ ಔಷಧಿ ಕೊಟ್ಟರು.

ಕಾಯುವ ಹೊತ್ತಿನಲ್ಲಿ ನಾನು ಟ್ರೇಯಲ್ಲಿ ಕರಗುತ್ತಿದ್ದೆ. ನನ್ನ ಸುತ್ತ ನೀರು, ನಡುವೆ ಮಾತ್ರ ಒಂದು ಗಟ್ಟಿ ಕಡ್ಡಿ. ನಾನು ಬೆಚ್ಚಗಾದರೆ ನಿಜ ಹೇಳುವವಳ ಬಾಯಲ್ಲೂ ತಪ್ಪು ಉತ್ತರ ಬಂದೀತು. ಆ ಕಡ್ಡಿಯನ್ನು ಬಿಡಲಿಲ್ಲ. ಸಿಸ್ಟರ್ ಎತ್ತಿದಾಗ ಡಾಕ್ಟರು ಮೊದಲು ತಮ್ಮ ಕೆನ್ನೆಗೆ ಹಚ್ಚಿ ನೋಡಿ, "ಇನ್ನೂ ತಂಪೈತಿ" ಅಂದರು.

ಎಡಭಾಗ. ಚರ್ಮ ಕದಲಲಿಲ್ಲ.

ಸುವರ್ಣಾ ಸೂರು ನೋಡುತ್ತ ಕೇಳಿದಳು, "ಯಾವಾಗ ಇಡ್ತೀರಿ?"

ಆಗಲೇ ಇಟ್ಟಾಗಿತ್ತು. ಮುಟ್ಟಿಯೂ ಮುಟ್ಟದಂತಾಗುವುದು ನನ್ನ ಜಾತಿಗೆ ಸಿಗುವ ದೊಡ್ಡ ಗೆಲುವು. ಮುಂದಿನ ನೋವು ಬಂದಾಗ ಅವಳು ಸರಳು ಹಿಡಿಯಲಿಲ್ಲ. ಹೊಟ್ಟೆ ಬಿಗಿಯುವುದನ್ನು ನೋಡಿ, "ಬಂತ್ನೋಡ್ರಿ" ಎಂದು ನಕ್ಕಳು.

ಫಕೀರವ್ವ ನಂಬಲಿಲ್ಲ. ಟ್ರೇಯಿಂದ ನನ್ನನ್ನು ಎತ್ತಿಕೊಂಡು ಮಣಿಕಟ್ಟಿಗೆ ಒತ್ತಿದಳು. "ಅಯ್ಯ, ಕೊರಿಯಾಕತ್ತೈತಲ್ಲ" ಅಂದಳು. ಸೊಸೆಯ ಮುಖ ನೋಡಿದಳು. ಆಮೇಲೆ ನನ್ನನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಐದು ಹೆರಿಗೆಗಳ ಮೌನ ಆ ಕೈಯಲ್ಲಿತ್ತು. ಅದು ನನ್ನಷ್ಟೇ ತಣ್ಣಗಿತ್ತು, ನನಗಿಂತ ಹಳೆಯದು.

ಮಗು ಹುಟ್ಟಿದಾಗಲೂ ನಾನು ಫಕೀರವ್ವನ ಮುಷ್ಟಿಯಲ್ಲೇ ಇದ್ದೆ. ಈಗ ನಾನು ಬರೀ ನೀರು. ಇನ್ನು ನನ್ನಿಂದ ಯಾರಿಗೂ ಉಪಯೋಗವಿಲ್ಲ. ಸಿಸ್ಟರ್ ಕಸದ ಡಬ್ಬಿಯ ಮುಚ್ಚಳ ತೆಗೆದು ನಿಂತಿದ್ದಾಳೆ. ನನಗೆ ದುಃಖವಿಲ್ಲ. ಕರಗಿದೆ, ಬಗ್ಗಲಿಲ್ಲ.

ಪರದೆಯ ಆಚೆ ಇನ್ನೊಬ್ಬಳಿಗೆ ನಳಿಕೆ ಹಾಕಿದ್ದಾರೆ. ಹೊಸ ಬೆರಳೊಂದು ಕೆಲಸಕ್ಕೆ ಬಂದಿದೆ. "ತಂಪ ಐತೇನ್ರಿ?" ಎಂಬ ಪ್ರಶ್ನೆಗೆ ಅಲ್ಲಿಂದ ಉತ್ತರವಿಲ್ಲ.

ಫಕೀರವ್ವ ನನ್ನನ್ನು ಡಬ್ಬಿಗೆ ಹಾಕುವ ಮುನ್ನ ಪರದೆ ಸರಿಸಿದಳು. ಓಣಿಗೆ ಎಂದೂ ಕೇಳದ ಧ್ವನಿ ಇಡೀ ವಾರ್ಡಿಗೆ ಕೇಳಿತು.

"ಹೆದರಬ್ಯಾಡ ತಂಗಿ. ತಂಪ ಇದ್ರ ತಂಪ ಐತಿ ಅನ್ನು."