ಸುಹಾಸ ಒಪ್ಕೊಂಡ್ಬುಟ್ಟ

ಗೆಜ್ಜಲಗೆರೆ ಫ್ಯಾಕ್ಟ್ರೀಲಿ ನನ್ನ ಕೆಲ್ಸ, ಅಲ್ಲೇ ಹತ್ರ ಕೊಪ್ಪದಲ್ಲಿ ಬಾಡಿಗೆ ರೂಮು, ಇರೋದು ಒಬ್ನೇ. ಫೋನಲ್ಲಿ ಬಿಟ್ಟಿ ಆಡೋ ರೋಬೋ ಯುದ್ಧದ ಗೇಮು ಅಂದ್ರೆ ನಂಗೆ ಹುಚ್ಚು. ಅದೇ ಹುಚ್ಚಿನೋರ ವಾಟ್ಸಾಪ್ ಗುಂಪಲ್ಲಿ ಮಳವಳ್ಳಿ ಸುಹಾಸ ಸಿಕ್ಕಿದ್ದು. ಅವನ ಮುಖ ನೋಡಿಲ್ಲ. ನಾನು ಆಡೋ ರೋಬೋ ಗೇಮೇ ಬೇರೆ, ಅವನು ಆಡೋದೇ ಬೇರೆ.

ಅವನ ಗೇಮಲ್ಲಿ ರೋಬೋಗಳು ಹಾರ್ತವೆ. ನನ್ನ ಗೇಮಲ್ಲಿ ಕೆಸರುಗದ್ದೇಲಿ ಎಮ್ಮೆ ನಡ್ದಂಗೆ ನಡೀತವೆ, ಆದ್ರೆ ಒಂದೇಟು ಕೊಟ್ರೆ ಎದುರಿಗಿರೋದು ಎದ್ದೇಳಲ್ಲ.

"ನಿನ್ನ ಗೇಮಲ್ಲಿ ದುಡ್ಡು ಸುರ್ದೋನಿಗೇ ದೊಡ್ಡ ಗನ್ನು ಕಣ್ಲಾ. ಅದ್ಯಾವ ಸೀಮೆ ಫ್ರೀ?" ಅಂತ ನಾನು ಬರೀತಿದ್ದೆ.

"ನಿಮ್ಮ ಗೇಮಲ್ಲಿ ಆಡಿ ಆಡಿ ಆ ಗನ್ ಸಿಗೋ ಹೊತ್ತಿಗೆ ಕೂದಲು ಬೆಳ್ಳಗಾಗಿರುತ್ತೆ," ಅಂತ ಅವನು ಬರೀತಿದ್ದ.

ಸಿಫ್ಟು ಮುಗ್ಸಿ ಬಸ್ಸು ಹತ್ತುದ್ರೆ ರೂಮು ಮುಟ್ಟೋಗಂಟ ಇದೇ ಜಗಳ. ದಿನವೆಲ್ಲಾ ನಾನು ಆಡ್ತಿದ್ದ ಮಾತು ಅಷ್ಟೇಯ.

ಸೋಮವಾರ ಅವನು ಬರೆದ: "ಕನಕರಾಜು, ನೀವು ಹೇಳಿದ್ದೇ ಸರಿ. ಆ ಗೇಮ್ ತೆಗೆದುಹಾಕಿದೆ. ಇನ್ನು ಯಾವುದೂ ಆಡಲ್ಲ." ಗುಂಪನ್ನೂ ಬುಟ್ಟೋದ.

ಗೆದ್ದೆ ಅಂತ ನಕ್ಕೆ. ಮಾರನೇ ದಿನ ಬಸ್ಸಲ್ಲಿ ಫೋನು ಕೈಲಿತ್ತು, ಬಯ್ಯಾಕೆ ಯಾರೂ ಇರ್ಲಿಲ್ಲ.

ಅವನ ಗೇಮನ್ನೇ ಫೋನಿಗೆ ಹಾಕ್ಕೊಂಡೆ. ಮೂರು ದಿನ ಆಡ್ದೆ. ದರಿದ್ರದ ಗೇಮು. ಇವತ್ತು ಬಸ್ಸಲ್ಲಿ ಕೂತು ಅವನ ನಂಬರಿಗೆ ಬರೆದೆ:

"ಲೇ ಸುಹಾಸ, ನಿನ್ನ ಗೇಮೇ ವಾಸಿ ಕಣ್ಲಾ. ಅಲ್ಲ ಅನ್ನು, ನೋಡಾನ."