ಎಡಗಡೆಯ ಅರ್ಧ ಇಂಚು

ಅಕ್ಕ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬ ಅನುಮಾನ ಪುಟ್ಟಿಗೆ ಹುಟ್ಟಿದ್ದು ಆಸ್ಪತ್ರೆಯ ಕೋಣೆಯಲ್ಲಿ. ಐವತ್ತೆರಡಾದರೂ ಅಕ್ಕನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ಪುಟ್ಟಿ ಕ್ಯಾನ್ಸರಿಗೆ ಒಂದು ಸ್ತನ ತೆಗೆಸಿ ಮೂರು ತಿಂಗಳಾಗಿತ್ತು. ಜೀನ್ ಪರೀಕ್ಷೆಯ ವರದಿ ಹಿಡಿದು ಡಾಕ್ಟರಮ್ಮ, "ಇದು ವಂಶದಲ್ಲಿ ಬಂದಿರೋದು. ನಿಮ್ಮ ಮಗಳಿಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಅವಳೂ ಪರೀಕ್ಷೆ ಮಾಡಿಸ್ಕೊಳ್ಳಲಿ," ಎಂದರು. ಆಮೇಲೆ ವಂಶವೃಕ್ಷಕ್ಕೆಂದು ಹಾಳೆಯ ಮೇಲೆ ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಬರೆಯುತ್ತಾ, "ಮನೇಲಿ ಬೇರೆ ಯಾರಿಗಾದ್ರೂ ಆಗಿತ್ತಾ?" ಎಂದು ಕೇಳಿದರು.

ಪುಟ್ಟಿ ಬಾಯಿ ತೆರೆಯುವ ಮುಂಚೆಯೇ ಜೊತೆಗೆ ಬಂದಿದ್ದ ಅಕ್ಕ, "ನಮ್ಮಲ್ಲಾ? ಯಾರಿಗೂ ಇಲ್ಲ," ಎಂದುಬಿಟ್ಟಳು. ಒಂದು ಬದನೆಕಾಯಿ ಆರಿಸಲು ಅರ್ಧ ಗಂಟೆ ತೆಗೆದುಕೊಳ್ಳುವವಳಿಗೆ ಇದೆಂಥ ಅವಸರ?

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ, "ನಿನ್ನ ಕೂಸಿಗೆ ಈಗ್ಲೇ ಹೇಳ್ಬೇಡ ಕಣೆ, ಹೆದರ್ಕೋತಾಳೆ. ಆ ಕಾಗದ ನನ್ನ ಹತ್ರಾನೇ ಇರ್ಲಿ," ಎಂದು ಕೈಚಾಚಿದಳು. ಪುಟ್ಟಿ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಮರುದಿನ ಪುಟ್ಟಿಯ ಹೊಲಿಗೆ ಅಂಗಡಿಗೆ ಅಕ್ಕನ ರವಿಕೆಯೊಂದು ರಿಪೇರಿಗೆ ಬಂದಿತ್ತು. ಅದನ್ನು ಮೇಜಿನ ಮೇಲೆ ಹರಡಿದಾಗ ಪುಟ್ಟಿಯ ಕೈ ತಡೆಯಿತು. ನಾಲ್ಕು ವರ್ಷದಿಂದ ಅಕ್ಕ ಅಳತೆಯ ಟೇಪಿಗೆ ಮೈ ಕೊಟ್ಟೇ ಇಲ್ಲ. ಅಳತೆಗೆ ಹಳೆಯ ರವಿಕೆ ಕಳಿಸುತ್ತಾಳೆ, ಅಷ್ಟೆ. ಅವಳು ತೊಟ್ಟಾಗ ಎಡಗಡೆ ಸಡಿಲ ಕಂಡದ್ದರಿಂದ ಪುಟ್ಟಿಯೇ ಅಲ್ಲಿ ಅರ್ಧ ಇಂಚು ಒಳಗೆ ಹಿಡಿದು ಹೊಲಿದಿದ್ದಳು. ಗಿರಾಕಿಯ ಮೈಯ ವಿಷಯ ಬಾಯಿಗೆ ಬರಬಾರದು, ಸೂಜಿಯಲ್ಲೇ ಸರಿಮಾಡಬೇಕು ಎಂದು ಅಮ್ಮ ಕಲಿಸಿದ್ದಳು. ಅಕ್ಕನ ಮುಂದೆಯೂ ಅದೇ ಅಭ್ಯಾಸ. ಆದರೆ ಹೋದ ತಿಂಗಳು ತನ್ನದೇ ರವಿಕೆಗಳನ್ನು ಬಿಚ್ಚಿ ಹೊಲಿದುಕೊಂಡಾಗ ಅವಳು ಹಿಡಿದದ್ದೂ ಇಂಥದೇ ಸಡಿಲವನ್ನು.

ಮಧ್ಯಾಹ್ನ ಅಕ್ಕ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಂತೆ ಪುಟ್ಟಿ ಕೇಳಿದಳು: "ಅಕ್ಕಾ, ನಿಂದು ಎಡಗಡೆ ಯಾವಾಗ ತೆಗೆದ್ರು?"

ಅಕ್ಕ ಕಣ್ಣರಳಿಸಿದಳು. "ನಿಂಗೆ ಗೊತ್ತಿಲ್ವಾ?"

"ನಾನೇನು ಕನಸು ಕಂಡಿದ್ನಾ?"

"ಮತ್ತೆ ಈ ಹೊಲಿಗೆ ಯಾಕೆ ಹಾಕ್ದೆ? ಒಂದು ಮಾತೂ ಕೇಳ್ದೆ ಎಡಗಡೆ ಮಾತ್ರ ಹಿಡಿದುಕೊಟ್ಟೆ. ಇವಳಿಗೆ ಗೊತ್ತಾಗಿದೆ, ನನ್ನ ಮರ್ಯಾದೆಗೆ ಸುಮ್ನಿದಾಳೆ ಅಂದ್ಕೊಂಡೆ."

"ತೆಳ್ಳಗಾಗಿದೀಯ ಅಂದ್ಕೊಂಡೆ ಕಣೆ."

"ಒಂದೇ ಕಡೆ ತೆಳ್ಳಗಾಗ್ತಾರೇನೇ, ದರ್ಜಿ ಮಹಾರಾಣಿ?"

ಪುಟ್ಟಿ ಬರುತ್ತಿದ್ದ ನಗುವನ್ನು ಬದಿಗಿಟ್ಟು ಕೇಳಿದಳು: "ಹಾಗಾದ್ರೆ ನಿನ್ನೆ ಯಾರಿಗೂ ಇಲ್ಲ ಅಂತ ಯಾಕಂದೆ? ನಿಂಗೂ ಈ ಪರೀಕ್ಷೆ ಆಗಿತ್ತಾ?"

"ಆಗಿತ್ತು."

"ತಂಗಿಗೆ ತಿಳಿಸಿ ಅಂದಿದ್ರಾ?"

ಅಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ನಿಂಗೆ ಕೊಡೋಕೆ ಒಂದು ಕಾಗದಾನೂ ಕೊಟ್ಟಿದ್ರು. ಆಗಷ್ಟೇ ನಿನ್ನ ಗಂಡ ತೀರ್ಕೊಂಡಿದ್ದ. ಒಂದು ವಾರ ಹೋಗ್ಲಿ ಅಂದ್ಕೊಂಡೆ, ಇನ್ನೊಂದು ವಾರ ಅಂದ್ಕೊಂಡೆ. ಆಮೇಲೆ, ಹೇಗೂ ನಿಂಗೆ ಗೊತ್ತಲ್ಲ, ನೀನೇ ತೋರಿಸ್ಕೊಂಡಿರ್ತೀಯ ಅಂತ... ನಿನ್ನೆ ಡಾಕ್ಟರ ಮುಂದೆ ಹೇಳಿದ್ರೆ ಎಲ್ಲಾ ಹೊರಗೆ ಬರ್ತಿತ್ತು."

ಕೊನೆಯ ಮಾತು ನಿಜ. ಅದರ ಹಿಂದಿನದು, ತನಗೆ ಗೊತ್ತಿದೆ ಅಂದುಕೊಂಡದ್ದು? ನಾಲ್ಕು ವರ್ಷದ ಹಿಂದೆ ಅನ್ನಿಸಿದ್ದೋ, ಈಗ ತಾನೇ ಹೊಂದಿಸಿಕೊಂಡದ್ದೋ? ಪುಟ್ಟಿ ಅಕ್ಕನ ಮುಖವನ್ನೇ ನೋಡಿದಳು. ಏನೂ ತಿಳಿಯಲಿಲ್ಲ. ಮುಂದೆಯೂ ತಿಳಿಯುವುದಿಲ್ಲ ಅನ್ನಿಸಿತು. ಆ ಕಾಗದ ಆಗಲೇ ಕೈಗೆ ಸಿಕ್ಕಿದ್ದರೆ ತನ್ನ ಗಂಟು ಬಟಾಣಿಯಷ್ಟಿರುವಾಗಲೇ ಸಿಗುತ್ತಿತ್ತೇನೋ.

"ತಪ್ಪಾಯ್ತು ಕಣೆ," ಎಂದಳು ಅಕ್ಕ. "ಆದ್ರೆ ಕೂಸಿಗೆ ಈಗ ಬೇಡ. ಒಂದು ವಾರ ತಡಿ."

ಪುಟ್ಟಿ ಫೋನು ತೆಗೆದುಕೊಂಡು ಮಗಳ ನಂಬರು ಒತ್ತಿದಳು.

"ಏನಮ್ಮಾ? ಕೆಲಸದಲ್ಲಿದೀನಿ."

"ಐದು ನಿಮಿಷ ಆಚೆ ಬಾ. ನಮ್ಮನೇಲಿ ಹೆಂಗಸರಿಗೆ ಬರೋ ಕಾಯಿಲೆ ವಿಷ್ಯ ಹೇಳ್ಬೇಕು, ನೀನೂ ಒಂದು ಪರೀಕ್ಷೆ ಮಾಡಿಸ್ಬೇಕು. ಮೊದ್ಲು ನಿನ್ನ ದೊಡ್ಡಮ್ಮ ಅವಳದು ಹೇಳ್ತಾಳೆ."

ಸ್ಪೀಕರ್ ಒತ್ತಿ ಫೋನನ್ನು ಅಕ್ಕನ ಮುಂದಿಟ್ಟಳು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಪುಟ್ಟಿ ಫೋನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಹಲೋ? ದೊಡ್ಡಮ್ಮಾ? ಇದೀರಾ?"

ಅಕ್ಕ ಎರಡು ಸಲ ಗಂಟಲು ಸರಿಮಾಡಿಕೊಂಡಳು. "ಇದೀನಿ ಕಣಮ್ಮಾ," ಎಂದು ಶುರುಮಾಡಿದಳು. ಒಂದು ಮಾತೂ ತಪ್ಪಿಹೋಗದಂತೆ ಪುಟ್ಟಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.